ತರಂಗಂಬಾಡಿಯಲ್ಲಿ ಒಂದು ಹಗಲು

ನಮ್ಮ ಕೇರಿಯವರು ಊರು ಬಿಟ್ಟು ಹೋಗದವರೇನಲ್ಲ. ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಕುಯ್ಯಲು ಕೊಡಗಿಗೆ, ಗಾರೆ ಕಲಸಲು ಬೆಂಗಳೂರಿಗೆ, ಕಲ್ಲು ಒಡೆಯಲು ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಿದ್ದಾರೆ. ಆದರೆ ಒಂದು ಊರನ್ನು ಬರೀ ನೋಡಲಿಕ್ಕೆ ಅಂತ ಹೋದವರು ನಮ್ಮ ವಂಶದಲ್ಲಿ ಇಲ್ಲ. ಹರಕೆ ತೀರಿಸಲು ಮಾದಪ್ಪನ ಬೆಟ್ಟ ಹತ್ತಿದ್ದುಂಟು. ಅದು ನೋಡಲಿಕ್ಕಲ್ಲ, ಬೇಡಲಿಕ್ಕೆ. ಹಾಗಾಗಿ ಸಂಕ್ರಾಂತಿ ಕಳೆದ ವಾರ ನಾವು ಮೂವರು ಗೆಳೆಯರು ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ತಮಿಳುನಾಡಿನ ಕಡಲದಂಡೆಯ ತರಂಗಂಬಾಡಿಗೆ ಹೊರಟಾಗ ಮನೆಯಲ್ಲಿ ಎದ್ದ ಪ್ರಶ್ನೆ ಸಹಜವಾದದ್ದೇ.

"ಅಲ್ಲೇನ್ ಕೆಲ್ಸ ಸಿಕ್ತದ್ಲಾ?"

"ಕೆಲ್ಸ ಏನಿಲ್ಲ ಕನವ್ವ, ಸುಮ್ನೆ ನೋಡ್ಕ ಬತ್ತೀವಿ."

"ಸುಮ್ನೆಯಾ?"

ದೇಶ ಸುತ್ತು, ಕೋಶ ಓದು ಅನ್ನುವ ಗಾದೆಯನ್ನು ಶಾಲೆಯ ಗೋಡೆಗಳ ಮೇಲೆ ಬರೆಸುತ್ತಾರೆ. ಕೋಶ ಓದುವುದು ನಮ್ಮ ಮನೆಗಳಿಗೆ ಬಂದು ಒಂದೇ ತಲೆಮಾರು. ಆ ತಲೆಮಾರು ನಾವೇ. ನಮ್ಮಲ್ಲೊಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು, ಒಬ್ಬ ಮೈಸೂರಿನಲ್ಲಿ ಲಾ ಓದುತ್ತಿರುವವ, ಇನ್ನೊಬ್ಬ ಇಂಥ ಪತ್ರಿಕೆಗಳಿಗೆ ಪದ್ಯ ಬರೆಯುವವ. ಕೊಳ್ಳೇಗಾಲದ ಕಡೆಯವರಾದ್ದರಿಂದ ಮೂವರಿಗೂ ಅರೆಬರೆ ತಮಿಳು ಬರುತ್ತದೆ. 1956ರವರೆಗೆ ನಮ್ಮ ಸೀಮೆ ಮದ್ರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತಲ್ಲ. ಇನ್ನು ಕಾವೇರಿ ನಮ್ಮ ಪಕ್ಕದಲ್ಲೇ, ಶಿವನಸಮುದ್ರದಲ್ಲಿ ಧುಮುಕಿ ಹೋಗುವವಳು. ಅವಳು ಕಡಲು ಸೇರುವ ಪೂಂಪುಹಾರ್‌ನಿಂದ ತೆಂಕಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ತರಂಗಂಬಾಡಿ. ನಮ್ಮೂರ ನೀರು ಹೋದ ದಾರಿಯಲ್ಲಿ ನಾವೂ ಒಮ್ಮೆ ಹೋಗಿ ಬರೋಣ ಅಂತ ಹೊರಟೆವು.

ಮೈಸೂರಿನಿಂದ ಸಂಜೆಯ ರೈಲು ಹತ್ತಿ ಬೆಳಿಗ್ಗೆ ಮಯಿಲಾಡುತುರೈಯಲ್ಲಿ ಇಳಿದೆವು. ಅಲ್ಲಿಂದ ಬಸ್ಸು. ದಾರಿಯ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ನಮ್ಮ ಕಣ್ಣಿಗೆ ಅಷ್ಟೊಂದು ಸಪಾಟು ನೆಲ ಹೊಸದು. ಬೆಟ್ಟ ಇಲ್ಲ, ಗುಡ್ಡ ಇಲ್ಲ, ಎಲ್ಲಿ ನೋಡಿದರೂ ಗದ್ದೆ. ಗದ್ದೆಯಲ್ಲಿ ಬಗ್ಗಿದ ಬೆನ್ನುಗಳು ಮಾತ್ರ ಹೊಸವಲ್ಲ. ಒಂದು ಊರಿನ ಕೂಡುರಸ್ತೆಯಲ್ಲಿ ಬಾಬಾಸಾಹೇಬರ ಪ್ರತಿಮೆಯನ್ನು ಕಬ್ಬಿಣದ ಪಂಜರದೊಳಗೆ ನಿಲ್ಲಿಸಿದ್ದರು. ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಹೀಗೇ. ರಾತ್ರೋರಾತ್ರಿ ತಲೆ ಒಡೆಯುವವರಿದ್ದಾರಲ್ಲ, ಅದಕ್ಕೆ ಕಾವಲು. ಸಂವಿಧಾನ ಹಿಡಿದ ಕೈ ಸರಳುಗಳ ಹಿಂದೆ ನಿಂತು ದಾರಿ ತೋರಿಸುತ್ತಿತ್ತು. ಬಸ್ಸಿನಲ್ಲಿದ್ದ ಯಾರೂ ಅತ್ತ ತಿರುಗಿ ನೋಡಲಿಲ್ಲ. ದಿನಾ ನೋಡುವುದಕ್ಕೆ ಕಣ್ಣು ಒಗ್ಗಿಹೋಗಿರುತ್ತದೆ.

ತರಂಗಂಬಾಡಿ ಅಂದರೆ ಅಲೆಗಳು ಹಾಡುವ ಊರು ಅಂತ ಅರ್ಥ ಹೇಳುತ್ತಾರೆ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಎಲ್ಲಾ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ "ಡೇನರೂ ಬಂದರು" ಅಂತಿತ್ತು. ಆ ಒಂದು ಸಾಲಿನ ಊರು ಇದು. ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್ ದೊರೆ ಕಳಿಸಿದ ಓವೆ ಗೆದ್ದೆ ಎಂಬ ಹಡಗುಪಡೆಯ ನಾಯಕ 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡ. ವರ್ಷ ವರ್ಷ ಗುತ್ತಿಗೆ ಕೊಟ್ಟುಕೊಂಡು ಕೋಟೆ ಕಟ್ಟಬಹುದು, ಮೆಣಸು, ಬಟ್ಟೆ ವ್ಯಾಪಾರ ಮಾಡಬಹುದು ಅಂತ ಮಾತಾಯಿತು. ನಾಯಕ ಡೆನ್ಮಾರ್ಕಿನ ದೊರೆಗೆ ಬಂಗಾರದ ತಗಡಿನ ಮೇಲೆ ಕಾಗದ ಬರೆಸಿ ಕಳಿಸಿದ. ಬಂಗಾರದ ತಗಡು ಕೊಪೆನ್‌ಹೇಗನ್‌ನಲ್ಲಿ ಭದ್ರವಾಗಿದೆ. ಅಂದು ಆ ಬೇಸಾಯಕ್ಕೆ, ಕೋಟೆಯ ಇಟ್ಟಿಗೆಗೆ, ಸುಣ್ಣದ ಗೂಡಿಗೆ ಕೈ ಹಾಕಿದವರ ಹೆಸರು ಯಾವ ತಗಡಿನ ಮೇಲೂ ಇಲ್ಲ.

ಬಸ್ಸು ಇಳಿದು ಊರಿನ ಹೆಬ್ಬಾಗಿಲ ಮುಂದೆ ನಿಂತೆವು. 1792ರಲ್ಲಿ ಕಟ್ಟಿದ ಬಾಗಿಲು, ಬೆಳ್ಳಗೆ ಸುಣ್ಣ ಹೊಡೆದಿದೆ, ಮೇಲೆ ಡೆನ್ಮಾರ್ಕಿನ ರಾಜಮುದ್ರೆ. ಅಲ್ಲಿಂದ ನೆಟ್ಟಗೆ ಕಡಲ ತನಕ ಒಂದೇ ಬೀದಿ; ರಾಜಬೀದಿ ಅಂತಲೇ ಅದರ ಹೆಸರು. ಎರಡೂ ಕಡೆ ದಪ್ಪ ಕಂಬಗಳ ಹಳೇ ಬಂಗಲೆಗಳು. ಕೆಲವು ಮಿಷನ್ನಿನ ಶಾಲೆ, ಹಾಸ್ಟೆಲುಗಳಾಗಿವೆ. ಕೆಲವು ದೊಡ್ಡವರು ಇಳಿಯುವ ಹೋಟೆಲಾಗಿವೆ. ನಮ್ಮ ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ಎರಡು ಲೋಟ, ಒಂದು ಟವೆಲ್ಲು ಇದ್ದವು. ಹೋಟೆಲಿನ ಎದುರಿಗೆ ಮರದ ಕೆಳಗೆ ಒಂದು ಟೀ ಗಾಡಿ ಇತ್ತು, ಅಲ್ಲೇ ನಿಂತೆವು. ಗಾಡಿಯ ಮುದುಕ ಕೇಳಿದ, "ಎಂದ ಊರು ತಂಬಿ?" ಮೈಸೂರು ಕಡೆ ಅಂದೆವು. "ಕಾವೇರಿ ಕೊಡೋವ್ರೋ, ಕೊಡದೆ ಇರೋವ್ರೋ?" ಅಂತ ನಕ್ಕ. ನಾವೂ ನಕ್ಕೆವು. "ಅಯ್ಯಾ, ನಮ್ಮ ಕೇರಿಗೇ ನಲ್ಲಿ ಬರೋದು ಮೂರು ದಿನಕ್ಕೊಂದ್ಸಲ, ನಿಮಗೆಲ್ಲಿಂದ ಕೊಡಾಣ?" ಅಂದದ್ದಕ್ಕೆ ಇನ್ನೊಂದು ಲೋಟ ಟೀ ಹಾಕಿ ಕಾಸು ಬೇಡ ಅಂದ. ನೀರಿಗಾಗಿ ಎರಡು ರಾಜ್ಯಗಳು ಬಡಿದಾಡುವಾಗ ಎರಡೂ ಕಡೆಯ ಕೇರಿಗಳು ಕೊಡ ಹಿಡಿದುಕೊಂಡೇ ನಿಂತಿರುತ್ತವೆ.

ಡಾನ್ಸ್‌ಬೋರ್ಗ್ ಕೋಟೆ ಕಡಲಿಗೆ ಮುಖ ಮಾಡಿ ನಿಂತಿದೆ. ಮುಂದಿನ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಪಾಳು ಬಿದ್ದಿದ್ದ ಕೋಟೆಯನ್ನು 2000ರ ನಂತರದ ವರ್ಷಗಳಲ್ಲಿ ಡೆನ್ಮಾರ್ಕಿನವರ ನೆರವಿನಿಂದ ರಿಪೇರಿ ಮಾಡಿ ನಿಲ್ಲಿಸಿದ್ದಾರೆ. ಮೇಲಂತಸ್ತಿನಲ್ಲಿ ಮ್ಯೂಸಿಯಮ್ಮು: ಪಿಂಗಾಣಿ, ಗಾಜು, ಫಿರಂಗಿ ಗುಂಡು, ಹಳೆಯ ಕಾಗದ. ಕೆಳಗೆ ಉಗ್ರಾಣ, ಸೆರೆಮನೆ. ಗವರ್ನರು ಎಲ್ಲಿ ಮಲಗುತ್ತಿದ್ದ ಅನ್ನುವುದನ್ನು ತೋರಿಸುತ್ತಾರೆ. ಉಗ್ರಾಣದ ಕತ್ತಲೆಯಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ಯಾಕೆಂದರೆ ಈ ತೀರದಲ್ಲಿ 17ನೆಯ ಶತಮಾನದಲ್ಲಿ ಬರ ಬಿದ್ದಾಗಲೆಲ್ಲ ಹಸಿದವರು ಮಕ್ಕಳನ್ನು ಮಾರಿದರು, ತಮ್ಮನ್ನೇ ಮಾರಿಕೊಂಡರು. ಕೊಂಡವರಲ್ಲಿ ಡಚ್ಚರೂ ಇದ್ದರು, ಡೇನರೂ ಇದ್ದರು. ಬಟ್ಟೆಯ ಮೂಟೆ ಹೋದ ಹಾಗೆಯೇ ಮನುಷ್ಯರೂ ಹಡಗು ಹತ್ತಿ ಪೂರ್ವದ ದ್ವೀಪಗಳಿಗೆ ಹೋದರು. ಮೆಣಸಿನ ಲೆಕ್ಕಕ್ಕೆ ಮ್ಯೂಸಿಯಮ್ಮಿನಲ್ಲಿ ಜಾಗವಿದೆ. ಮಾರಿಹೋದವರ ಲೆಕ್ಕಕ್ಕೆ ನಾವು ನೋಡಿದ ಗೋಡೆಗಳಲ್ಲಿ ಜಾಗ ಕಾಣಲಿಲ್ಲ.

ಕೊನೆಗೆ ಈ ಊರೇ ಮಾರಾಟವಾಯಿತು. 1845ರಲ್ಲಿ ಡೆನ್ಮಾರ್ಕಿನ ದೊರೆ ತರಂಗಂಬಾಡಿಯನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ 12.5 ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪನಿಗೆ ಮಾರಿಬಿಟ್ಟ. ಕೋಟೆ, ಬೀದಿ, ಬಾವಿ, ಮನೆ, ಮನೆಯೊಳಗಿನವರು ಎಲ್ಲ ಸೇರಿ ಒಂದೇ ಕ್ರಯಪತ್ರ. ಒಡೆಯ ಬದಲಾದದ್ದು ಊರಿನ ಹೊರಗಿನ ಚೇರಿಗೆ ಯಾವತ್ತು ಗೊತ್ತಾಯಿತೋ! ಅಲ್ಲಿ ಪಳ್ಳರು, ಪರೆಯರು ಮಿರಾಸುದಾರರ ಗದ್ದೆಗಳಲ್ಲಿ ತಲೆತಲಾಂತರ 'ಪಣ್ಣೈಯಾಳು'ಗಳಾಗಿ ದುಡಿಯುತ್ತಿದ್ದರು. ನಮ್ಮ ಕಡೆ ಜೀತ ಅನ್ನುತ್ತೇವಲ್ಲ, ಅದೇ. ನಾಯಕ ಹೋಗಿ ಮರಾಠ ಬಂದ, ಡೇನ ಹೋಗಿ ಇಂಗ್ಲಿಷ ಬಂದ. ಜೀತದಾಳಿಗೆ ರಕ್ಷಣೆ ಕೊಡುವ ತಂಜಾವೂರು ಪಣ್ಣೈಯಾಳ್ ಕಾನೂನು ಬಂದದ್ದು 1952ರಲ್ಲಿ. ಅದಾಗಿ ಹದಿನಾರು ವರ್ಷಕ್ಕೆ, 1968ರ ಡಿಸೆಂಬರ್ 25ರ ರಾತ್ರಿ, ಇದೇ ಸೀಮೆಯ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ್ದಕ್ಕೆ 44 ಜನ ದಲಿತರನ್ನು ಗುಡಿಸಲಿನಲ್ಲಿ ಕೂಡಿ ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ತರಂಗಂಬಾಡಿಯ ಬಸ್ ನಿಲ್ದಾಣದಲ್ಲಿ ನಾಗಪಟ್ಟಿಣದ ಕಡೆ ಹೋಗುವ ಬಸ್ಸು ಸಿಗುತ್ತದೆ. ಅದನ್ನು ಹತ್ತಿ ಕೀಳ್‌ವೆಣ್ಮಣಿಯ ಕಂಬ ನೋಡಲು ಹೋಗುವವರು ಟೂರಿಸ್ಟರಲ್ಲ. ವಸಾಹತುಶಾಹಿ ಅಂದರೆ ಬರೀ ಬಿಳಿಯರ ದರ್ಬಾರು ಅಂತ ಪಾಠ ಹೇಳುವವರು ಗದ್ದೆಯ ಒಡೆಯ ಯಾರಾಗಿದ್ದ ಎಂಬುದನ್ನು ಹೇಳುವುದಿಲ್ಲ.

ಕೋಟೆಯ ಬಡಗಣಕ್ಕೆ ಕಡಲ ಅಂಚಿನಲ್ಲೇ ಮಾಸಿಲಾಮಣಿನಾಥರ ಗುಡಿ ಇದೆ, 14ನೆಯ ಶತಮಾನದ ಶುರುವಿನಲ್ಲಿ ಪಾಂಡ್ಯ ದೊರೆ ಕಟ್ಟಿಸಿದ್ದು. ಅದರ ಮುಂಭಾಗವನ್ನು ಅಲೆಗಳು ಯಾವತ್ತೋ ತಿಂದುಹಾಕಿವೆ. ಅಲ್ಲಿ ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಹತ್ತಿರದಲ್ಲೇ ಒಬ್ಬ ಮೀನುಗಾರ ಅಜ್ಜಿ ಕರಿಮೀನು ಒಣಹಾಕುತ್ತಿದ್ದಳು. ಕೋಟೆ ನೋಡಿದಿರಾ ಅಂತ ಕೇಳಿದಳು. ನೋಡಿದೆವು ಅಂದೆವು. "ಕೋಟೆ ಎಲ್ಲಿಗೆ ಹೋಗ್ತದೆ, ಅದು ಅಲ್ಲೇ ಇರ್ತದೆ. ನಮ್ಮನೆ ಇದ್ದದ್ದು ಅಗೋ ಅಲ್ಲಿ" ಅಂತ ಮರಳನ್ನು ತೋರಿಸಿದಳು. 2004ರ ಡಿಸೆಂಬರ್ 26ರ ಸುನಾಮಿ. ಆಗ ಈ ಊರು ನಾಗಪಟ್ಟಿಣಂ ಜಿಲ್ಲೆಗೆ ಸೇರಿತ್ತು. ತಮಿಳುನಾಡಿನಲ್ಲಿ ಅತಿ ಹೆಚ್ಚು ಸಾವು ಆ ಜಿಲ್ಲೆಯಲ್ಲೇ, ಆರು ಸಾವಿರಕ್ಕೂ ಮೇಲೆ. ಉಳಿದವರಿಗೆ ಕಡಲಿಂದ ದೂರ ಮನೆ ಕಟ್ಟಿಕೊಟ್ಟರು. ಅಜ್ಜಿ ಈಗ ಅಲ್ಲಿಂದ ನಡೆದು ಬಂದು ಮೀನು ಒಣಗಿಸುತ್ತಾಳೆ. ಅಲೆಗೆ ಜಾತಿ ಗೊತ್ತಿಲ್ಲ. ಆದರೆ ಅಲೆ ಹಿಂದೆ ಸರಿದ ಮೇಲೆ ಪರಿಹಾರದ ಶಿಬಿರಗಳಲ್ಲಿ ದಲಿತರನ್ನು ಬೇರೆ ಕೂರಿಸಿದ, ನೀರಿನ ಟ್ಯಾಂಕು ಮುಟ್ಟಗೊಡದ ವರದಿಗಳು ಆ ವಾರಗಳಲ್ಲೇ ಬಂದವು. ಹೆಣ ಹೊರಲು, ಕೊಳೆತದ್ದನ್ನು ಬಾಚಲು ಮಾತ್ರ ಪೌರಕಾರ್ಮಿಕರನ್ನು ದೂರದ ಊರುಗಳಿಂದ ಲಾರಿಯಲ್ಲಿ ಕರೆತಂದರು.

ಮಧ್ಯಾಹ್ನದ ಮೇಲೆ ರಾಜಬೀದಿಗೆ ಮರಳಿ ಬಂದೆವು. ಆ ಬೀದಿಯಲ್ಲಿ ಎರಡು ಹಳೆಯ ಇಗರ್ಜಿಗಳಿವೆ. 1701ರ ಜಿಯೋನ್ ಇಗರ್ಜಿ ಬಿಳಿಯರಿಗೆ. 1718ರ ಹೊಸ ಜೆರುಸಲೇಮ್ ಇಗರ್ಜಿ ಇಲ್ಲಿನವರಿಗೆ. ಒಂದೇ ದೇವರು, ಒಂದೇ ಬೀದಿ, ಎರಡು ಗುಡಿ. ಎರಡನೆಯದನ್ನು ಕಟ್ಟಿಸಿದವನು ಬಾರ್ತೊಲೊಮಿಯುಸ್ ಜೀಗನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿ. 1706ರಲ್ಲಿ ಪ್ಲೂಟ್‌ಶೌ ಎಂಬ ಗೆಳೆಯನ ಜೊತೆ ಬಂದಿಳಿದಾಗ ಅವನಿಗಿನ್ನೂ ಇಪ್ಪತ್ತಮೂರು ತುಂಬಿ ಇಪ್ಪತ್ತನಾಲ್ಕು, ನಮ್ಮ ವಯಸ್ಸು. ಮರಳಿನ ಮೇಲೆ ಬೆರಳಲ್ಲಿ ಬರೆಯುವ ಮಕ್ಕಳ ಜೊತೆ ಕೂತು ತಮಿಳು ಕಲಿತ. 1707ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದ. ಡೇನ್ ಗವರ್ನರಿಗೂ ಅವನಿಗೂ ಜಗಳವಾಗಿ 1708ರಲ್ಲಿ ಇದೇ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆ ಕೂತ. ಮುಂದೆ ಮುದ್ರಣಯಂತ್ರ ತರಿಸಿದ. 1715ರ ಹೊತ್ತಿಗೆ ತಮಿಳಿನಲ್ಲಿ ಹೊಸ ಒಡಂಬಡಿಕೆ ಪೂರ್ತಿ ಅಚ್ಚಾಯಿತು. ಕಾಗದ ಸಾಲದೆ ಪಕ್ಕದ ಪೊರೈಯಾರಿನಲ್ಲಿ ಕಾಗದದ ಗಿರಣಿ ಹೂಡಿದರು. ಚಿಕ್ಕ ಅಚ್ಚುಮೊಳೆ ಎರೆಯಲು ಇಂಗ್ಲೆಂಡಿನಿಂದ ಬಂದ ಚೀಸಿನ ಡಬ್ಬಿಗಳ ಸೀಸ ಕರಗಿಸಿದರು ಅನ್ನುವ ಮಾತೂ ಉಂಟು. ಚಂದಾ ಎತ್ತಿ, ಸಾಲ ಮಾಡಿ ಪತ್ರಿಕೆ ಅಚ್ಚು ಹಾಕಿಸುವ ನಮ್ಮಂಥವರಿಗೆ ಈ ಕಷ್ಟ ಹೊಸದಲ್ಲ. 1719ರಲ್ಲಿ ಸತ್ತಾಗ ಅವನಿಗೆ ಮೂವತ್ತಾರು. ಇದೇ ಇಗರ್ಜಿಯಲ್ಲಿ ಮಣ್ಣಾಗಿದ್ದಾನೆ.

ನಾವು ಅವನ ಗೋರಿಗೆ ಕೈ ಮುಗಿಯಲು ಹೋದವರಲ್ಲ. ನಮ್ಮನ್ನು ಅಲ್ಲಿ ಹಿಡಿದು ಕೂರಿಸಿದವನು ಬೇರೆಯವನು. ಅವನ ಹೆಸರು ರಾಜನಾಯಕ್ಕನ್.

ಪರೆಯರ ಮನೆಯವನು. ಮನೆಯವರು ಮೊದಲೇ ಕ್ಯಾಥೊಲಿಕ್ಕರಾಗಿದ್ದರು. ತಂಜಾವೂರಿನ ದೊರೆಯ ದಂಡಿನಲ್ಲಿ ಚಾಕರಿ. ತರಂಗಂಬಾಡಿಯಲ್ಲಿ ಅಚ್ಚಾದ ತಮಿಳು ಪುಸ್ತಕ 1720ರ ದಶಕದಲ್ಲಿ ಅವನ ಕೈಗೆ ಸಿಕ್ಕಿತು. ಓದಿದ. ಓದಿದ್ದು ಅವನನ್ನು ಸುಮ್ಮನೆ ಇರಗೊಡಲಿಲ್ಲ. ಇಲ್ಲಿಗೆ ಬಂದ, ಮಿಷನ್ನಿನ ಉಪದೇಶಿಯಾದ, ತಂಜಾವೂರು ಸೀಮೆಯಲ್ಲಿ ಊರೂರು ಅಲೆದು ಜನ ಕಟ್ಟಿದ. ಓದು ಕಲಿತವನು ಊರೂರು ಅಲೆಯುವುದು ಅಂದರೇನು ಅಂತ ನಮ್ಮ ಕಾರ್ಯಕರ್ತರಿಗೆ ಹೇಳಬೇಕಾಗಿಲ್ಲ.

1733ರಲ್ಲಿ ಮಿಷನ್ನಿನವರು ಮೊದಲ ಸಲ ಒಬ್ಬ ತಮಿಳನಿಗೆ ಪಾದ್ರಿ ದೀಕ್ಷೆ ಕೊಟ್ಟರು. ಅವನು ಆರೋನ್, ವೆಳ್ಳಾಳ ಜಾತಿಯವನು. ಎರಡನೆಯ ಪಾದ್ರಿ ಬೇಕಾದಾಗ ರಾಜನಾಯಕ್ಕನ್ ಹೆಸರೂ ಬಂತು. ಕೆಲಸ ನೋಡಿದರೆ ಅವನಿಗೇ ಸಲ್ಲಬೇಕು. ಆದರೆ 1741ರಲ್ಲಿ ದೀಕ್ಷೆ ಸಿಕ್ಕಿದ್ದು ದಿಯೋಗೋ ಎಂಬ ಇನ್ನೊಬ್ಬನಿಗೆ. ಕಾರಣ? ಪಾದ್ರಿಯಾದವನು ಕರ್ತನ ಭೋಜನದ ರೊಟ್ಟಿ ಮುರಿದು ಎಲ್ಲರಿಗೂ ಕೈಯಾರೆ ಕೊಡಬೇಕು. ಪರೆಯನ ಕೈಯಿಂದ ಮೇಲ್ಜಾತಿಯ ಕ್ರೈಸ್ತರು ರೊಟ್ಟಿ ತಗೊಳ್ಳುವುದಿಲ್ಲ. ಅಷ್ಟೇ. ಓದಬಹುದು, ಓದಿಸಬಹುದು, ಬಿಸಿಲಲ್ಲಿ ಅಲೆಯಬಹುದು, ಜನ ತರಬಹುದು. ಕೊಡುವ ಕೈ ಆಗಬಾರದು. ರಾಜನಾಯಕ್ಕನ್ ಉಪದೇಶಿಯಾಗಿಯೇ ಮುದುಕನಾದ.

ಈ ಇಗರ್ಜಿಯೊಳಗೂ ಆ ಕಾಲದಲ್ಲಿ ಶೂದ್ರ ಕ್ರೈಸ್ತರು ಒಂದು ಕಡೆ, ಪರೆಯ ಕ್ರೈಸ್ತರು ಇನ್ನೊಂದು ಕಡೆ ಕೂರುತ್ತಿದ್ದರು. 1829ರಲ್ಲಿ ತಂಜಾವೂರಿನ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿ ಈ ಬೇರೆ ಕೂರುವುದೇ ಸರಿ ಎಂದು ವಾದಿಸಿ ಬರೆದ. ದೊಡ್ಡ ಕವಿ, ಅವನ ಹಾಡುಗಳನ್ನು ಇಂದೂ ಹಾಡುತ್ತಾರೆ. ಪದ್ಯ ಬರೆಯುವ ನಮ್ಮವನು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಕಾವ್ಯ ತನ್ನಷ್ಟಕ್ಕೆ ಯಾರನ್ನೂ ಬಿಡಿಸುವುದಿಲ್ಲ, ಅದು ಯಾವ ಕಡೆ ಕೂತಿದೆ ಅನ್ನುವುದನ್ನೂ ನೋಡಬೇಕು. 1833ರಲ್ಲಿ ಇಂಗ್ಲಿಷ್ ಬಿಷಪ್ ಡೇನಿಯಲ್ ವಿಲ್ಸನ್ ಇಗರ್ಜಿಯೊಳಗೆ ಜಾತಿ ಕೂಡದೆಂದು ಕಟ್ಟಪ್ಪಣೆ ಮಾಡಿದಾಗ ಎಷ್ಟೋ ಮೇಲ್ಜಾತಿಯವರು ಸಿಡಿದು ಹೊರಗೆ ಹೋದರು. ಮುಂದೆ ಅವರಲ್ಲಿ ಹಲವರಿಗೆ ಜಾತಿಯ ವಿಷಯದಲ್ಲಿ ಮೃದುವಾಗಿದ್ದ ಲೈಪ್‌ಜಿಗ್ ಮಿಷನ್ನು ಆಸರೆಯಾಯಿತು. ಅದರ ನೆಲೆ ತರಂಗಂಬಾಡಿಯೇ. ಈಗ ಇಗರ್ಜಿಯಲ್ಲಿ ಬೆಂಚುಗಳಿವೆ, ನಮ್ಮನ್ನು ಎಲ್ಲಿ ಕೂರಬೇಕು ಅಂತ ಯಾರೂ ಕೇಳಲಿಲ್ಲ. ಆದರೆ 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಇವರನ್ನು ಸೇರಿಸಿಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲ ಅನ್ನುವುದು ಕಾನೂನು. ಜಾತಿಗೊಂದು ಸ್ಮಶಾನ ಇರುವ ಊರುಗಳು ತಮಿಳುನಾಡಿನಲ್ಲಿ ಇನ್ನೂ ಇವೆ ಅನ್ನುವುದು ನೆಲ.

ಆ ಬೆಂಚಿನ ಮೇಲೆ ಕೂತಾಗ ನಮ್ಮ ಮೇಷ್ಟ್ರು ಗೆಳೆಯ ತನ್ನ ಅಕ್ಕನ ಮಾತು ತೆಗೆದ. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಬಿಸಿಯೂಟದ ಯೋಜನೆಗೆ 'ಅಕ್ಷರ ದಾಸೋಹ' ಅಂತ ಹೆಸರು. ಎಂಥ ಒಳ್ಳೆಯ ಹೆಸರು! ಅಕ್ಷರವೂ ಅನ್ನವೂ ಒಂದೇ ಎಲೆಯಲ್ಲಿ. ಅಕ್ಕ ಒಂದು ಊರಿನ ಶಾಲೆಯಲ್ಲಿ ಅಡಿಗೆಯವಳಾಗಿ ಸೇರಿದಳು. ಮೂರನೆಯ ದಿನಕ್ಕೆ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದರು. ವಾರ ಕಳೆಯುವಷ್ಟರಲ್ಲಿ ನಾಲ್ಕು ಜನ ದೊಡ್ಡವರು ಬಂದು, ಟಿ.ಸಿ. ಕೊಡಿ, ಬೇರೆ ಶಾಲೆಗೆ ಸೇರಿಸುತ್ತೇವೆ ಅಂದರು. ಆಮೇಲೆ ಒಂದು ರಾಜಿ ಆಯಿತು. ಅಕ್ಕನ ಕೆಲಸ ಹೋಗಲಿಲ್ಲ, ಸಂಬಳವೂ ನಿಲ್ಲಲಿಲ್ಲ. ಪಾತ್ರೆ ತೊಳೆಯಬೇಕು, ತರಕಾರಿ ತರಬೇಕು, ನೆಲ ಗುಡಿಸಬೇಕು. ಸೌಟು ಮಾತ್ರ ಮುಟ್ಟಬಾರದು. ಈ ಬಗ್ಗೆ ಕೊಟ್ಟ ಅರ್ಜಿ ಒಂದು ಕಚೇರಿಯ ಮೇಜಿನ ಮೇಲೆ ಕೂತಿದೆ. "ಕೆಲಸ ಐತಲ್ಲ, ಇನ್ನೇನ್ರಿ ನಿಮ್ದು?" ಅಂತ ಅಲ್ಲಿಯವರು ಕೇಳುತ್ತಾರೆ.

ಗೆಳೆಯರೇ, 1741ಕ್ಕೂ ಇದಕ್ಕೂ ನಡುವೆ ಹೆಚ್ಚೂಕಡಿಮೆ ಮುನ್ನೂರು ವರ್ಷ. ಅಲ್ಲಿ ರೊಟ್ಟಿ, ಇಲ್ಲಿ ಸೌಟು. ಜಾತಿ ನಮ್ಮಿಂದ ದುಡಿಮೆ ತಗೊಳ್ಳಲು ಯಾವತ್ತೂ ಹೇಸಿದ್ದಿಲ್ಲ. ನಾವು ಬೆಳೆದ ಭತ್ತ, ನಾವು ಹೊತ್ತ ಇಟ್ಟಿಗೆ, ನಾವು ಹೊಲಿದ ಚಪ್ಪಲಿ ಎಲ್ಲ ಬೇಕು. ಈಗ ನಮಗೆ ಅಕ್ಷರ ಕೊಡಲೂ ಅದು ಒಪ್ಪಿದೆ. ಕೈ ಚಾಚಿ ಪಡೆಯುವವನು ಇದ್ದರೆ ಕೊಡುವವನಿಗೆ ಪುಣ್ಯ. ಅದಕ್ಕೆ ತಡೆಯಲಾಗದ್ದು ಒಂದೇ: ನಮ್ಮ ಕೈ ಮೇಲಾಗಿ, ಅವರ ಕೈ ಕೆಳಗೆ ಬಂದು, ನಾವು ಕೊಟ್ಟದ್ದನ್ನು ಅವರು ಉಣ್ಣುವುದು. ಹಾಗಾಗಿ ಓದು ಬಂತು, ಡಿಗ್ರಿ ಬಂತು ಅಂತ ಲೆಕ್ಕ ಮುಗಿಸುವ ಹಾಗಿಲ್ಲ. ರಾಜನಾಯಕ್ಕನ್‌ಗೆ ಓದು ಬಂದಿತ್ತಲ್ಲ.

ಬಿಳಿಯರು ನಮಗೆ ಅಕ್ಷರ ಕೊಟ್ಟರು, ಅವರಿಗೆ ನಾವು ಋಣಿಗಳು ಅಂತ ಕೆಲವರು ಹೇಳುತ್ತಾರೆ. ಬಿಳಿಯರು ಬಂದು ನಮ್ಮ ದೇಶ ಕೆಡಿಸಿದರು, ಅದಕ್ಕೆ ಮುಂಚೆ ಎಲ್ಲಾ ಚೆನ್ನಾಗಿತ್ತು ಅಂತ ಇನ್ನು ಕೆಲವರು. ತರಂಗಂಬಾಡಿಯ ಬೀದಿಯಲ್ಲಿ ನಡೆದರೆ ಇವೆರಡೂ ಅರ್ಧ ಮಾತು ಅನ್ನಿಸುತ್ತದೆ. ಪ್ರೆಸ್ಸು ತಂದವರೂ ಅವರೇ; ಆ ಪ್ರೆಸ್ಸಿನ ಪುಸ್ತಕ ಓದಿ ಎದ್ದು ಬಂದವನನ್ನು ಮೇಲ್ಜಾತಿಗೆ ಅಂಜಿ ಬಾಗಿಲಲ್ಲೇ ನಿಲ್ಲಿಸಿದವರೂ ಅವರೇ. ಋಣ ಇದ್ದರೆ ಅದು ಬಾಗಿಲಲ್ಲಿ ನಿಂತವನದು. ಅವನು ಅಲ್ಲಿ ನಿಂತೇ ಓದಿಸಿದ.

ಹಳ್ಳಿಯಲ್ಲಿ ಪಾಠ ಮಾಡುವ ಗೆಳೆಯರಲ್ಲಿ ಒಂದು ಮಾತು. ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುತ್ತೀರಿ: ಶ್ರೀರಂಗಪಟ್ಟಣ, ಹಂಪಿ, ಬಾದಾಮಿ. ಕಟ್ಟಿಸಿದವರ ಹೆಸರು ಬೋರ್ಡಿನಲ್ಲಿ ಇದ್ದೇ ಇರುತ್ತದೆ, ಮಕ್ಕಳು ಬರೆದುಕೊಳ್ಳಲಿ. ಜೊತೆಗೆ ಇನ್ನೆರಡು ಪ್ರಶ್ನೆ ಬರೆಸಿ. ಇಲ್ಲಿ ಕಲ್ಲು ಹೊತ್ತವರು ಯಾರು? ಅವರು ಕೊಟ್ಟ ನೀರನ್ನು ಇಲ್ಲಿದ್ದವರು ಕುಡಿಯುತ್ತಿದ್ದರೇ? ಉತ್ತರ ಬರದಿದ್ದರೂ ಪರವಾಗಿಲ್ಲ, ಪ್ರಶ್ನೆ ಮನೆಗೆ ಹೋಗಲಿ. ಊರು ನೋಡುವುದು ದುಡ್ಡಿದ್ದವರ ಶೋಕಿಯಾಗಿ ಉಳಿಯಬಾರದು. ನಮ್ಮ ಹುಡುಗ ಹುಡುಗಿಯರೂ ಬೆನ್ನಿಗೆ ಚೀಲ ಏರಿಸಿ ಹೊರಡಬೇಕು. ನಮ್ಮವರು ಹೊತ್ತ ಇಟ್ಟಿಗೆಯನ್ನು ನಮ್ಮ ಕಣ್ಣೇ ಗುರುತಿಸಬೇಕು.

ಸಂಜೆ ಮಯಿಲಾಡುತುರೈಯಲ್ಲಿ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಮ್ಮಿನಲ್ಲಿ ಕೂತು ಎರಡನೆಯ ಅರ್ಜಿ ಬರೆದೆವು. ಲಾ ಓದುವವನು ಸೆಕ್ಷನ್ನುಗಳನ್ನು ಹೇಳಿದ, ಪದ್ಯ ಬರೆಯುವವನು ದುಂಡಗೆ ಬರೆದ, ಮೇಷ್ಟ್ರು ತಪ್ಪು ತಿದ್ದಿದ. ಅದರಲ್ಲಿ ಕೇಳಿದ್ದು ಒಂದೇ: ಸದರಿ ಅಡಿಗೆಯವರು ಮಕ್ಕಳಿಗೆ ತಮ್ಮ ಕೈಯಿಂದಲೇ ಬಡಿಸುವಂತಾಗಬೇಕು, ಅಧಿಕಾರಿಗಳು ಬಂದು ಆ ದಿನ ಮಕ್ಕಳ ಸಾಲಿನಲ್ಲಿ ಕೂತು ಉಣ್ಣಬೇಕು. ಇದನ್ನು ಓದುತ್ತಿರುವ ನೀವೂ ನಿಮ್ಮ ಊರಿನ ಶಾಲೆಗೆ ಒಂದು ಮಧ್ಯಾಹ್ನ ಹ್ವಾಗಿ, ಅಲ್ಲಿ ಸೌಟು ಯಾರ ಕೈಲಿ ಐತೆ ಅಂತ ನೋಡ್ಕಂಡು ಬನ್ನಿ.